ಜೋಡಿಬಂಡೆ ಹಗ್ಗದ ಮೇಲೆ ಚಿಕ್ಕೀರ

ಈಗಲೇ ನಗಬೇಡಿ, ಮೊದಲು ಕೇಳಿ. ದೇವೀರಮ್ಮನಿಗೆ ಇದ್ದವನು ಒಬ್ಬನೇ ಮಗ, ಚಿಕ್ಕೀರ. ಹೇಳಿದ್ದನ್ನ ಹೇಳಿದ ಹಾಗೇ ಮಾಡೋನು. ಅದೇ ಅವನ ರೋಗ! "ಹಾಲು ಉಕ್ಕೋದನ್ನ ನೋಡ್ತಿರು" ಅಂದರೆ, ಉಕ್ಕಿ ಉಕ್ಕಿ ಒಲೆ ಆರೋವರೆಗೂ ನೋಡ್ತಾ ಕೂತಿದ್ದ.

ಮೂರು ಕಡೆ ಹೆಣ್ಣು ಕೇಳಿದರು, ಮೂರು ಕಡೇನೂ ತಪ್ಪಿಹೋಯ್ತು. ನಾಲ್ಕನೇದು ಕಾಳೇಗೌಡನ ಮಗಳು ಪುಟ್ಟತಾಯಿ. ಗೌಡ ಕಡ್ಡಿ ಮುರಿದ ಹಾಗೆ ಹೇಳಿಬಿಟ್ಟ: "ನಿನ್ನ ಮಗ ಒಂದು ವಾರ ಒಂದು ಕೆಲಸದಲ್ಲಿ ನಿಲ್ಲಲಿ. ಭಾನುವಾರ ಬಂದು ನೋಡ್ತೀನಿ. ನಿಂತಿದ್ರೆ ತಾಂಬೂಲ, ಇಲ್ಲಾಂದ್ರೆ ಇಲ್ಲ!"

ಆಗ ಊರಾಚೆ ಜೋಡಿಬಂಡೆಗೆ ಇಳಾ ಅನ್ನೋ ಹುಡುಗಿ ಬಂದಿದ್ದಳು. ಎರಡು ಬಂಡೆ ನಡುವೆ ಎರಡು ಬೆರಳಗಲದ ಪಟ್ಟಿ ಬಿಗಿದು, ಕೈಲಿ ಕೋಲೂ ಇಲ್ಲದೆ ಅದರ ಮೇಲೆ ನಡೆಯೋಳು. ಅದಕ್ಕೆ ಹೈಲೈನ್ ಅಂತಾರಂತೆ. ಕೆಳಗೆ ಐದು ತೆಂಗಿನ ಮರದಷ್ಟು ಆಳ! ಅವಳಿಗೆ ಒಬ್ಬ ಆಳು ಬೇಕಿತ್ತು.

"ಈ ಕೆಲಸ ಹೋದರೆ ನಿನಗೆ ಹೆಂಡತಿಯಿಲ್ಲ, ನನಗೆ ಸೊಸೆಯಿಲ್ಲ ಕಣೋ!" ಅಂತ ದೇವೀರಮ್ಮ ಮಗನ್ನ ಅಟ್ಟಿದಳು.

ಸೋಮವಾರ. ಅಭ್ಯಾಸಕ್ಕೆ ಮೊಣಕಾಲೆತ್ತರದ ಪಟ್ಟಿ ಬೇಕಿತ್ತು. "ಎರಡು ಹುಣಸೇಮರಕ್ಕೆ ಕಟ್ಟು" ಅಂದಳು ಇಳಾ. ಕಟ್ಟಿದ, ತೊಗಟೆ ಸುಲಿಯೋ ಹಾಗೆ ಕಟ್ಟಿದ!

"ಅಯ್ಯೋ ಪುಣ್ಯಾತ್ಮ! ಕಟ್ಟೋ ಮೊದಲು ಕಂಬಳಿ ಸುತ್ತಬೇಕು!"

"ಆಗಲಿ ಅಕ್ಕಾ!"

ಮಂಗಳವಾರ ಬೆಳಿಗ್ಗೆ ಅವ್ವ "ಎಮ್ಮೆ ಕಟ್ಟೋ" ಅಂದಳು. ಎಮ್ಮೆ ಕೊರಳಿಗೆ ಕಂಬಳಿ ಸುತ್ತಿದ, ಅದರ ಮೇಲೆ ಹಗ್ಗ ಹಾಕಿದ. ಎಮ್ಮೆ ಒಂದು ಸಲ ತಲೆ ಕೊಡವಿತು. ಹಗ್ಗ ಇಲ್ಲೇ, ಎಮ್ಮೆ ಕೆರೇಲಿ, ಕಂಬಳೀನೂ ಕೆರೇಲಿ!

"ಮಂಕು ಮುಂಡೇದೇ! ಕಟ್ಟಿದ ಮೇಲೆ ಜಗ್ಗಿ ನೋಡಬೇಡ್ವಾ? ಕಟ್ಟಿದ ಹಗ್ಗ ಕಂಡರೆ ಜಗ್ಗಿ ನೋಡು!"

"ಆಗಲಿ ಅವ್ವಾ!"

ಬುಧವಾರ ಇಳಾ ಹುಣಸೇಮರದ ಪಟ್ಟಿ ಮೇಲೆ ಒಂಟಿಕಾಲಲ್ಲಿ ನಿಂತಿದ್ದಳು. ಇವನು ಬಂದ, ಕಟ್ಟಿದ್ದನ್ನ ಕಂಡ, ಜಗ್ಗಿದ. ಧೊಪ್ಪನೆ ಬಿದ್ದಳು!

"ಏ ಮಾರಾಯಾ! ಯಾರಾದರೂ ನಡೀತಿದ್ದರೆ ಮುಟ್ಟಬೇಡ, ಮಾತಾಡಬೇಡ, ಬಾಯಿ ಮುಚ್ಚಿಕೊಂಡು ನಿಲ್ಲು!"

"ಆಗಲಿ ಅಕ್ಕಾ!"

ಗುರುವಾರ ದೇವೀರಮ್ಮ ತಲೆ ಮೇಲೆ ಹುಲ್ಲಿನ ಹೊರೆ ಹೊತ್ತು ಬರ್ತಿದ್ದಳು. ಕಣ್ಣಿಗೆ ಹುಲ್ಲು ಅಡ್ಡ, ಮುಂದೆ ಗೊಬ್ಬರದ ಗುಂಡಿ. ಚಿಕ್ಕೀರ ನೋಡಿದ. ಅವ್ವ ನಡೀತಾ ಇದ್ದಾಳಲ್ಲ? ಬಾಯಿ ಮುಚ್ಚಿಕೊಂಡು ನಿಂತ. ದೇವೀರಮ್ಮ ಸೊಂಟದವರೆಗೂ ಗೊಬ್ಬರದೊಳಗೆ!

"ನನ್ನ ಹೊಟ್ಟೆ ಉರಿಸೋಕೆ ಹುಟ್ಟಿದ್ಯೇನೋ! ಗುಂಡಿ ಕಂಡರೆ ಊರು ಕೇಳೋ ಹಾಗೆ ಕೂಗಬೇಕು!"

"ಆಗಲಿ ಅವ್ವಾ!"

ಮುಂದಿನದು ನಿಮಗೇ ಹೊಳೀತಾ? ಶುಕ್ರವಾರ ಇಳಾ ಜೋಡಿಬಂಡೆ ನಡುವೆ ನಡೀತಿದ್ದಳು. ಬಂಡೆ ಅಂಚಲ್ಲಿ ನಿಂತು ಇವನು ಬಗ್ಗಿ ನೋಡಿದ. "ಅಕ್ಕಾ! ಗುಂಡಿ! ದೊಡ್ಡ ಗುಂಡಿ ಅದೆ ಅಕ್ಕಾ!"

ಇಳಾ ಬೆಚ್ಚಿಬಿದ್ದಳು. ಸದ್ಯ, ಸೊಂಟದ ಹಗ್ಗವನ್ನ ಜಾರೋ ಬಳೆಯಿಂದ ಲೈನಿಗೆ ಸಿಕ್ಕಿಸಿಕೊಂಡಿದ್ದಳು, ಜೋತಾಡಿಕೊಂಡು ಬದುಕಿದಳು. ಮೇಲೆ ಬಂದವಳ ಮುಖ ಕೆಂಡ!

"ಕೂಗೋದು ಸುಲಭ! ಹೋಗು, ಹುಣಸೇಮರದ ಪಟ್ಟಿ ಮೇಲೆ ನೀನೇ ನಡಿ! ಕಣ್ಣು ಎದುರುಗಡೆ ಇರಲಿ. ಕೊನೆ ಮುಟ್ಟಿದ ಕೂಡಲೇ ತಿರುಗಿ ವಾಪಸ್ ಬಾ. ಸಾಕು ಅನ್ನೋವರೆಗೂ ಇಳೀಬೇಡ!"

ಅವತ್ತು ಹತ್ತಿದ. ಬಿದ್ದ, ಹತ್ತಿದ, ಮತ್ತೆ ಬಿದ್ದ, ಮತ್ತೆ ಹತ್ತಿದ. ಶನಿವಾರ ಸಂಜೆ ಹೊತ್ತಿಗೆ ಬೀಳೋದೇ ಮರೆತುಬಿಟ್ಟ. ತಲೇಲಿ ಒಂದು ಯೋಚನೆ ಇದ್ದರಲ್ಲವೇ ಆ ಕಡೆ ಈ ಕಡೆ ವಾಲೋದು! ಇಳಾ ಬಾಯಿ ಬಿಟ್ಟುಕೊಂಡು ನೋಡಿದಳು. "ನಾಳೆ ಜೋಡಿಬಂಡೆ ಲೈನ್ ಮೇಲೇ ನಡೆಸ್ತೀನಿ ನಿನ್ನ!" ಅಂದಳು.

ಭಾನುವಾರ ಬಂತು. ಆಚೆ ಬಂಡೆ ಮೇಲೆ ಕಾಳೇಗೌಡ, ಪುಟ್ಟತಾಯಿ, ಕೈಮುಗಿದುಕೊಂಡು ದೇವೀರಮ್ಮ. ಈಚೆ ಬಂಡೇಲಿ ಇಳಾ ತಾನೇ ಅವನ ಸೊಂಟಕ್ಕೆ ಹಗ್ಗ ಬಿಗಿದಳು, ಗಂಟನ್ನ ಮೂರು ಸಲ ನೋಡಿದಳು. "ಮೊನ್ನೆ ಹೇಳಿದ ಹಾಗೇ ನಡಿ" ಅಂದಳು.

ನಡೆದ ಕಣ್ರಪ್ಪಾ! ಕೈ ಅಗಲಿಸಿಕೊಂಡು, ಗದ್ದೆ ಬದು ಮೇಲೆ ಹೋಗೋ ಹಾಗೆ ನಡೆದ. ದೇವೀರಮ್ಮನ ಕಣ್ಣಲ್ಲಿ ನೀರು ತುಂಬಿಬಂತು. ಹುಟ್ಟಿದಾಗಿಂದ ಮೊದಲ ಸಲ ಮಗನ್ನ ನೋಡಿ ಅವಳಿಗೆ ಹೆಮ್ಮೆ ಆಯ್ತು.

ಗೌಡ ತಾಂಬೂಲದ ತಟ್ಟೆ ಚಾಚಿದ. "ಬಾಪ್ಪಾ ಅಳಿಯ, ತಗೋ!"

ಚಿಕ್ಕೀರ ಕೊನೆ ಮುಟ್ಟಿದ. ತಿರುಗಿದ. ವಾಪಸ್ ಹೊರಟೇಬಿಟ್ಟ!

"ಏನಿದು! ನನ್ನ ತಾಂಬೂಲಕ್ಕೆ ಬೆನ್ನು ಹಾಕಿದನಾ? ನಡಿ ಮಗಳೇ ಮನೆಗೆ!" ಗೌಡ ಬುಸುಗುಟ್ಟಿದ.

ಪುಟ್ಟತಾಯಿ ಕದಲಲಿಲ್ಲ. "ತಡಿಯಪ್ಪಾ. ತಿರುಗಿ ವಾಪಸ್ ಬಾ ಅಂತ ಅವನಿಗೆ ಯಾರೋ ಹೇಳಿರಬೇಕು, ಅದಕ್ಕೇ ಹೋಗ್ತಿದ್ದಾನೆ. ಹೇಳಿದ ಮಾತು ಕೇಳೋ ಗಂಡ ನಮ್ಮ ಏಳೂರಲ್ಲಿ ಎಲ್ಲಿದ್ದಾನೆ, ತೋರಿಸು ನೋಡೋಣ? ನನಗೆ ಇವನೇ ಇರಲಿ!"

ದೇವೀರಮ್ಮನಿಗೆ ಸಂತೋಷ ತಡೆಯೋಕಾಗಲಿಲ್ಲ. ಬಾಯಿ ತುಂಬಾ ಕೂಗಿಬಿಟ್ಟಳು: "ಗೆದ್ದೆ ಕಣೋ ಮಗನೇ! ಸಾಕು, ಇಳಿದು ಬಾರೋ!"

ಚಿಕ್ಕೀರ ಆಗ ಸರಿಯಾಗಿ ನಟ್ಟನಡುವೆ ಇದ್ದ.

"ಆಗಲಿ ಅವ್ವಾ!" ಅಂದ. ಇಳಿದ.

ಎಲ್ಲರೂ ಹೋ ಅಂದರು, ಇಳಾ ಕಣ್ಣು ಮುಚ್ಚಿಕೊಂಡಳು. ಮೂರು ಸಲ ನೋಡಿದ ಗಂಟು ಗಟ್ಟಿಯಾಗಿತ್ತು. ಲೈನ್ ಕೆಳಗೆ ಬಾವಲಿ ಹಾಗೆ ತಲೆಕೆಳಗಾಗಿ ತೂಗ್ತಾ, ಚಿಕ್ಕೀರ ಆಚೆ ಬಂಡೆ ಕಡೆ ತಿರುಗಿ ಕೇಳಿದ:

"ಇಳಿದಿದ್ದಾಯ್ತು ಅವ್ವಾ. ಇನ್ನು ಬರೋದು ಹೆಂಗೆ?"