ಎದ್ದು ನಿಲ್ಲದ ಶಾಸ್ತ್ರಿ

ಮಕ್ಕಳಿಲ್ಲದ ರಾಜನೊಬ್ಬ ಸಾಯುವ ಮುಂಚೆ, ಪ್ರತಿ ಸೀಮೆಯೂ ತನ್ನ ಸಂವಿಧಾನ ತಾನೇ ಬರೆದುಕೊಂಡು ಆಳಿಕೊಳ್ಳಲಿ ಎಂದು ಹೇಳಿ ಕಣ್ಣು ಮುಚ್ಚಿದ. ಆಗ ಎಲ್ಲರ ಕಣ್ಣೂ ಕಾನೂನು ಬಲ್ಲ ಪದ್ಮಣ್ಣ ಶಾಸ್ತ್ರಿಯ ಮೇಲೆ ಬಿತ್ತು.

ಮೊದಲು ಕರೆದವರು ಕಡಲಸೀಮೆಯವರು. ಅಲ್ಲಿ ದೋಣಿ ದಡಕ್ಕೆ ಬಂದರೆ ಸಾಕು, ಮರಳ ಮೇಲೆಯೇ ಮೀನಿನ ಪಾಲಿಗೆ ವಾದ ಶುರುವಾಗುತ್ತಿತ್ತು. ಹುಟ್ಟು ಹಾಕುವ ಆಳೂ ದೋಣಿಯ ಒಡೆಯನನ್ನು ಮುಖದ ಮೇಲೆ ಬೈಯುತ್ತಿದ್ದ. ಬೈದಾದ ಮೇಲೆ ಇಬ್ಬರೂ ಒಟ್ಟಿಗೆ ಬಲೆ ಒಣಗಿಸುತ್ತಿದ್ದರು. ಪದ್ಮಣ್ಣ ಅವರ ರೂಢಿಯನ್ನೇ ಬರೆದುಕೊಟ್ಟ. ಸಭೆಯಲ್ಲಿ ಯಾರು ಬೇಕಾದರೂ ಮಾತಾಡಬಹುದು. ಮುಖಂಡನನ್ನು ಮೂರು ವರ್ಷಕ್ಕೊಮ್ಮೆ ಆರಿಸಬೇಕು. ತೀರ್ಮಾನ ಅನ್ಯಾಯವೆನಿಸಿದರೆ, ಕಾನೂನು ಕಾಯಲು ಕೂತ ಸಭೆಯ ಶಾಸ್ತ್ರಿ ಎದ್ದು ನಿಂತು ಬೇಡ ಎನ್ನಬೇಕು. ಅವನು ಬೇಡವೆಂದರೆ ಆ ತೀರ್ಮಾನ ಅಲ್ಲಿಗೇ ನಿಲ್ಲಬೇಕು. ಮೊದಲ ಕೆಲವು ವರ್ಷ ಪದ್ಮಣ್ಣನೇ ಅಲ್ಲಿಯ ಸಭೆಯ ಶಾಸ್ತ್ರಿಯಾಗಿದ್ದ. ಕಡಲಸೀಮೆ ಗದ್ದಲ ಮಾಡುತ್ತಲೇ ಚೆನ್ನಾಗಿ ಬಾಳಿತು.

ಈ ಕೀರ್ತಿ ಕೇಳಿ ಎರೆಸೀಮೆಯವರು ಪಲ್ಲಕ್ಕಿ ಕಳಿಸಿದರು. ಅದು ದಂಡು ತುಳಿದ ನೆಲ. ಕುದುರೆಯ ಸದ್ದು ಕೇಳಿದೊಡನೆ ಜನ ದೇಸಾಯರ ಕೋಟೆಗೆ ಓಡಿ ಜೀವ ಉಳಿಸಿಕೊಂಡಿದ್ದರು. ಬಾಗಿಲು ತೆರೆಯುವವನ ಎದುರು ಮಾತಾಡಬಾರದೆಂಬುದು ಅಲ್ಲಿ ತಾಯಂದಿರು ಹಾಲಿನ ಜೊತೆ ಕಲಿಸುತ್ತಿದ್ದ ಪಾಠ. ಪದ್ಮಣ್ಣ ಇದನ್ನೆಲ್ಲ ಕೇಳುವ ಗೋಜಿಗೆ ಹೋಗಲಿಲ್ಲ. ಒಳ್ಳೆಯ ಕಾನೂನು ಎಲ್ಲಿದ್ದರೂ ಒಳ್ಳೆಯದೇ ಎಂದುಕೊಂಡು, ಸೀಮೆಯ ಹೆಸರು ಬದಲಿಸಿ ಅದೇ ಸಂವಿಧಾನ ಕೊಟ್ಟ. ಜನ ಅದನ್ನು ತಲೆಯ ಮೇಲಿಟ್ಟು ಮೆರೆಸಿದರು. ಅವನಿಗೆ ಮನೆ ಕೊಟ್ಟು, ಸಭೆಯ ಶಾಸ್ತ್ರಿಯಾಗಿ ಉಳಿಸಿಕೊಂಡರು.

ಮುಖಂಡನಾಗಿ ಆರಿಸಿ ಬಂದವನು ಕೋಟೆಯ ಒಡೆಯ ಅಡಿವೆಪ್ಪ ದೇಸಾಯಿಯೇ. ಸಭೆಯ ಯಾವ ತೀರ್ಮಾನಕ್ಕೂ ಅವನ ಕೈ ಮೇಲೆದ್ದ ಮೇಲೆ ಉಳಿದ ಕೈಗಳು ಏಳುತ್ತಿದ್ದವು. ಮೂರು ವರ್ಷದ ನಿಯಮವನ್ನು ಸಭೆಯೇ ಕೈಯೆತ್ತಿ ತೆಗೆದುಹಾಕಿತು. ಎಲ್ಲವೂ ಕಾನೂನಿನ ಪ್ರಕಾರವೇ ನಡೆಯಿತು. ಪದ್ಮಣ್ಣನಿಗೆ ಕಸಿವಿಸಿಯಾಯಿತು. ಆದರೂ ಹೊಸದರಲ್ಲಿ ಹೀಗೇ, ಜನ ಕ್ರಮೇಣ ಕಲಿಯುತ್ತಾರೆ ಎಂದು ಸುಮ್ಮನಾದ.

ಒಂದು ಬೇಸಿಗೆ ಊರ ಬಾವಿಗಳು ಬತ್ತಿದವು. ನೀರಿದ್ದದ್ದು ಕೋಟೆಯ ಬಾವಿಯಲ್ಲಿ ಮಾತ್ರ. ದೇಸಾಯಿ ಅದಕ್ಕೆ ಬೀಗ ಹಾಕಿಸಿದ. ಸಭೆಯಲ್ಲಿ ಕಂಬಳಿ ನೇಯುವ ಫಕೀರವ್ವ ಎದ್ದಳು.

"ಕೋಟಿ ಬಾವಿಗೆ ಕೀಲಿ ಯಾಕ್ರಿ ದೇಸಾಯರ? ಕೂಸುಗಳು ನೀರಿಲ್ಲದ ಅಳತಾವು."

ದೇಸಾಯಿ ಸಿಟ್ಟಾಗಲಿಲ್ಲ. ಸಭೆಯ ಕಡೆ ಒಮ್ಮೆ ನೋಡಿದ, ಅಷ್ಟೇ. ಮುಂದಿನ ಸಾಲಿನವನೊಬ್ಬ ಎದ್ದು, ಹಿರಿಯರಿಗೆ ಎದುರಾಡಿದ ಇವಳನ್ನು ಸೀಮೆಯಿಂದ ಹೊರಗೆ ಹಾಕಬೇಕು ಎಂದ.

"ಬ್ಯಾರೆ ಮಾತಾಡೋರು ಯಾರರೆ ಇದ್ದೀರೇನು?" ದೇಸಾಯಿ ನಿಯಮದಂತೆ ಕೇಳಿದ.

ಫಕೀರವ್ವ ಪದ್ಮಣ್ಣನತ್ತ ತಿರುಗಿದಳು. ಅವನು ಎದ್ದು ನಿಂತು "ಬೇಡ" ಎಂದಿದ್ದರೆ ಸಾಕಿತ್ತು. ಕಡಲಸೀಮೆಯಲ್ಲಿ ಎಷ್ಟೋ ಸಲ ಹಾಗೆ ಎದ್ದಿದ್ದ. ಇಲ್ಲಿ ಇಡೀ ಸಭೆ ತಲೆ ತಗ್ಗಿಸಿತ್ತು. ತಾನೊಬ್ಬನೇ ಎದ್ದರೆ ಏನಾದೀತು ಎಂದು ಯೋಚಿಸಿದ. ಕಣ್ಣು ತಾನಾಗಿ ನೆಲಕ್ಕೆ ಇಳಿಯಿತು.

ಕೈಗಳು ಎದ್ದವು.

ಸಂಜೆ ಅವನು ಊರ ಗಡಿಗೆ ಓಡಿದ. ಫಕೀರವ್ವ ತಲೆಯ ಮೇಲೆ ಮಗ್ಗದ ಸಾಮಾನು ಹೊತ್ತು ನಿಂತಿದ್ದಳು.

"ಕಾನೂನಿನಲ್ಲಿ ತಪ್ಪಿರಲಿಲ್ಲ ತಾಯಿ," ಎಂದ ಪದ್ಮಣ್ಣ.

"ಕಾನೂನು ಚಲೋನ ಐತ್ರಿ," ಅಂದಳು ಅವಳು. "ಮಂದಿ ಕಡೆ ಓದಿಸಿ ಕೇಳೇನಿ. ಅದನ್ನ ನಂಬಿ ಎದ್ದೆ. ಬರದವ್ರು ನೀವು, ನೀವರೆ ನಂಬೀರಿ ಅಂತ ತಿಳಕೊಂಡಿದ್ದೆ."

ಆಮೇಲೆ ಅವಳು ಹಿಂತಿರುಗಿ ನೋಡದೆ ಹೋದಳು.

ಎರೆಸೀಮೆಯ ಸಭೆ ಈಗಲೂ ತಪ್ಪದೆ ಸೇರುತ್ತದೆ. ಅಪಸ್ವರವೇ ಇಲ್ಲದ ಇಂಥ ಒಗ್ಗಟ್ಟು ಎಲ್ಲೂ ಇಲ್ಲವೆಂದು ಪರಸ್ಥಳದವರು ಹೊಗಳಿದರೆ, ಪದ್ಮಣ್ಣ ಶಾಸ್ತ್ರಿ ಹೌದೆಂದು ತಲೆಯಾಡಿಸುತ್ತಾನೆ.

ನೀತಿ: ಸಂವಿಧಾನವನ್ನು ಓಲೆಯ ಮೇಲೆ ಯಾರಾದರೂ ಬರೆದಾರು, ಅದನ್ನು ನಡೆಸುವುದು ಮಾತ್ರ ನಾಡಿನ ರೂಢಿ. ಅಂಜಿ ಬದುಕಿದ ನಾಡಿನಲ್ಲಿ ಒಳ್ಳೆಯ ಕಾನೂನೂ ಬಲ್ಲಿದನ ಆಳಾಗುತ್ತದೆ. ಆ ಅಂಜಿಕೆಯನ್ನು ಮೊದಲು ಮುರಿಯಬೇಕಾದವನು ಕಾನೂನು ಬಲ್ಲವನು. ಅವನೇ ಕೂತರೆ ನಂಬಿ ಎದ್ದವರು ನಾಡು ಬಿಡಬೇಕಾಗುತ್ತದೆ.