ರೊಟ್ಟಿ ಕೇಂದ್ರದ ಬಾಗಿಲು ಕಾದ ಅಡಿವೆಪ್ಪ

ಗದಗದ ಕಡೆ ಒಂದು ಊರು. ಆ ಊರಲ್ಲಿ ನೀಲವ್ವ, ನೀಲವ್ವನಿಗೆ ಒಬ್ಬನೇ ಮಗ ಅಡಿವೆಪ್ಪ. ಕೆಟ್ಟವನಲ್ಲ ಪಾಪ, ತಾಯಿಯ ಮಾತು ಮೀರಿದವನೇ ಅಲ್ಲ. ಅದೇ ಅವನ ರೋಗ! ಬಾಗಿಲು ನೋಡಿಕೋ ಅಂದರೆ ಸಂಜೆತನಕ ಬಾಗಿಲನ್ನೇ ನೋಡುತ್ತ ನಿಲ್ಲುವ ಆಸಾಮಿ. ನೀಲವ್ವ ಹಣೆ ಹಣೆ ಬಡಿದುಕೊಳ್ಳುತ್ತಿದ್ದಳು.

ನೀಲವ್ವನದೊಂದು ರೊಟ್ಟಿ ಕೇಂದ್ರ. ಕೆಲಸಕ್ಕೆ ಇಬ್ಬರು. ಒಬ್ಬಳು ದ್ಯಾಮವ್ವ, ಹಣ್ಣು ಮುದುಕಿ, ಕೈಯಲ್ಲೇ ರೊಟ್ಟಿ ಬಡಿಯುವವಳು. ಇನ್ನೊಬ್ಬಳು ಸ್ನೇಹಾ, ಕಾಲೇಜು ಮುಗಿಸಿ ಬಂದ ಹುಡುಗಿ, ಮಷೀನಿನಲ್ಲಿ ರೊಟ್ಟಿ ಒತ್ತುವವಳು. ಮುದುಕಿಗೆ ಮಷೀನು ಕಂಡರಾಗದು, ಹುಡುಗಿಗೆ ಮುದುಕಿಯ ಬುದ್ಧಿಮಾತು ಕೇಳಿದರಾಗದು. ನಡುವೆ ನೀಲವ್ವ ಇದ್ದಳು, ಹೇಗೋ ನಡೆದಿತ್ತು. ಅಂಥದ್ದರಲ್ಲಿ ಅವಳು ಕಾಲು ಉಳುಕಿಸಿಕೊಂಡು ಮಂಚ ಹಿಡಿದಳು. ದೇಸಾಯರ ಮನೆ ಮದುವೆ ಹತ್ತಿರ ಬಂದಿತ್ತು. ಅದಕ್ಕೆ ರೊಟ್ಟಿ ಮುಟ್ಟದಿದ್ದರೆ ಊರಲ್ಲಿ ಇನ್ಯಾರೂ ಅವಳನ್ನು ಕೇಳುವವರಿಲ್ಲ, ಕೇಂದ್ರ ಮುಚ್ಚಿದ ಹಾಗೇ.

"ಅಡಿವ್ಯಾ, ನೀನ ಹೋಗಿ ಕೆಲಸ ಮಾಡಸು. ಯಾರೂ ಸುಮ್ಮನ ಕೂಡದಂಗ ನೋಡ್ಕೊ!"

"ಆತು ಯವ್ವಾ!"

ಹೋದ. ದ್ಯಾಮವ್ವ ರೊಟ್ಟಿ ಬಡಿದು ಬಡಿದು ಸಾಕಾಗಿ, ಎಲೆ ಅಡಿಕೆ ಹಾಕಿಕೊಂಡು ಗೋಡೆಗೆ ಒರಗಿದ್ದಳು. "ಏ ಆಯಿ, ಏಳು! ಸುಮ್ಮನ ಕೂಡಬಾರದಂತ!" ಎಂದು ರಟ್ಟೆ ಹಿಡಿದು ಎಬ್ಬಿಸಿ, ಕೈಗೆ ಕಸಬರಿಗೆ ಕೊಟ್ಟು ಅಂಗಳ ಸುತ್ತಿಸಿದ. ಮುದುಕಿ ಅಳುತ್ತಾ ಮನೆಗೆ ಹೋದಳು. ಸುದ್ದಿ ಕೇಳಿ ನೀಲವ್ವ ಮಗನನ್ನು ಮಂಚದ ಹತ್ತಿರ ಕರೆದಳು.

"ಅಯ್ಯೋ ಪೆದ್ದ! ಒಲಿ ಮುಂದ ಬೇಯೋ ಮಂದಿ ದೇವರಿದ್ದಂಗ. ಮುಂಜಾನೆ ಹೋದಕೂಡ್ಲೆ ಮೊದಲ ಕಾಲಿಗೆ ಬೀಳಬೇಕು, ಆಮ್ಯಾಲೆ ಮಾತು!"

"ಆತು ಯವ್ವಾ, ಹಂಗ ಮಾಡ್ತೀನಿ!"

ಮರುದಿನ ಮುಂಜಾನೆ ಮೊದಲು ಎದುರಾದವಳು ಸ್ನೇಹಾ. ಹಿಟ್ಟು ಕಲಸಲು ಕುದಿಯುವ ನೀರಿನ ಪಾತ್ರೆ ಎತ್ತಿಕೊಂಡು ಬರುತ್ತಿದ್ದಳು. ಅಡಿವೆಪ್ಪ ದಬಕ್ಕನೆ ಬಿದ್ದು ಅವಳ ಎರಡೂ ಕಾಲು ಹಿಡಿದ! ಪಾತ್ರೆ ಒಂದು ಕಡೆ, ಹುಡುಗಿ ಒಂದು ಕಡೆ, ಬಿಸಿನೀರೆಲ್ಲ ಹಿಟ್ಟಿನ ಚೀಲಕ್ಕೆ. "ನಾನೇನು ನಿಮ್ಮಜ್ಜಿಯೇನೋ ಮಾರಾಯಾ!" ಎಂದು ಅವಳು ಕಿರುಚಿದಳು.

"ಅಯ್ಯೋ ಪೆದ್ದ! ಈಗಿನ ಹುಡುಗೂರಿಗೆ ಕಾಲಿಗೆ ಬೀಳ್ತಾರೇನು? ಚಪ್ಪಾಳೆ ತಟ್ಟಿ ಶಾಬಾಸ್ ಅನ್ನಬೇಕು. ಮೊಬೈಲಿನ್ಯಾಗ ಫೋಟೊ ಹೊಡದು ನಾಕು ಮಂದಿಗೆ ಕಳಿಸಬೇಕು. ಹುರುಪು ಬರ್ತೈತಿ!"

ಅಡಿವೆಪ್ಪನಿಗೆ ತಲೆ ಗಿರ್ರೆಂದಿತು. ನಿನ್ನೆ ಸರಿ ಇದ್ದದ್ದು ಇವತ್ತು ಹೇಗೆ ತಪ್ಪಾಯಿತು? ಆದರೂ, "ಆತು ಯವ್ವಾ!"

ಮರುದಿನ ದ್ಯಾಮವ್ವನನ್ನು ಕಾಡಿ ಬೇಡಿ ಕರೆತಂದಿದ್ದರು. ಹೊಗೆಗೆ ಕಣ್ಣು ಮಂಜಾಗಿ ಮುದುಕಿಯ ರೊಟ್ಟಿ ಹಂಚಿನ ಮೇಲೇ ಸೀದು ಕರ್ರಗಾಯಿತು. ಯಾರೂ ನೋಡದಿರಲಿ ಎಂದು ಸೆರಗಿನೊಳಗೆ ಮುಚ್ಚಿಕೊಳ್ಳುತ್ತಿದ್ದಳು. ಅಡಿವೆಪ್ಪ ಓಡಿ ಬಂದ. ಚಪ್ಪಾಳೆ! "ಶಾಬಾಸ್ ಆಯಿ, ಶಾಬಾಸ್!" ಸೆರಗು ಸರಿಸಿ ಫೋಟೊ ಹೊಡೆದ, ಊರಿಗೆಲ್ಲ ಕಳಿಸಿದ.

"ನಿಮ್ಮಪ್ಪ ತೊಟ್ಟಲದಾಗ ಇದ್ದಾಗಿಂದ ರೊಟ್ಟಿ ಬಡದೀನಿ. ಈಗ ನನ್ನ ಮಾನ ಕಳದೆಲ್ಲೋ!" ದ್ಯಾಮವ್ವ ಎದ್ದು ಮನೆಗೆ ಹೊರಟಳು.

"ಸೀದ ರೊಟ್ಟಿಗೆ ಫೋಟೊ, ನನ್ನ ಚಂದನ ರೊಟ್ಟಿಗೆ ಏನೂ ಇಲ್ಲೇನು?" ಸ್ನೇಹಾಳೂ ಎದ್ದು ಹೊರಟಳು.

ಮದುವೆ ನಾಳೆ! ನೀಲವ್ವ ಮಲಗಿದಲ್ಲಿಂದಲೇ ಇಬ್ಬರಿಗೂ ಕೈ ಮುಗಿದು ಹೇಳಿ ಕಳಿಸಿದಳು. ಒಂದೇ ಒಂದು ದಿನ ಬರುತ್ತೇವೆ, ಆಮೇಲೆ ನಿಮ್ಮ ಸಹವಾಸ ಬೇಡ ಎಂದರು ಇಬ್ಬರೂ. ನೀಲವ್ವನ ಕಣ್ಣಲ್ಲಿ ನೀರು.

"ಮಗನ, ನಾಳೆ ನೀ ಏನೂ ಮಾಡಬ್ಯಾಡ. ಅವರು ಒಳಗ ಹೋದಕೂಡ್ಲೆ ಹೊರಗಿಂದ ಕೀಲಿ ಹಾಕು, ನಡುವ ಎದ್ದು ಹೋದಾರು. ಯಾರ ಬಂದ್ರೂ ತೆಗೀಬ್ಯಾಡ. ಮಧ್ಯಾಹ್ನ ನಾನ ನಡಕೊಂತ ಬಂದು ತೆಗಸ್ತೀನಿ."

"ಆತು ಯವ್ವಾ!"

ಹಾಗೇ ಕೀಲಿ ಹಾಕಿ ಕಟ್ಟೆಯ ಮೇಲೆ ಕೂತ. ಒಳಗೆ ಮೊದಲು ಇಬ್ಬರ ಜಗಳ. ಆಮೇಲೆ ಇಬ್ಬರೂ ಸೇರಿ ಅಡಿವೆಪ್ಪನನ್ನು ಬೈಯತೊಡಗಿದರು. ಬೈಯುತ್ತಾ ಬೈಯುತ್ತಾ ಮುದುಕಿ ಹಿಟ್ಟು ನಾದಿಕೊಟ್ಟಳಂತೆ, ಹುಡುಗಿ ಒತ್ತಿದಳಂತೆ, ಮುದುಕಿ ಬೇಯಿಸಿದಳಂತೆ. ಬೈಗಳಿಗೊಂದು ರೊಟ್ಟಿ! ಮಧ್ಯಾಹ್ನದ ಹೊತ್ತಿಗೆ ರಾಶಿ ಕಿಟಕಿಯ ಮಟ್ಟಕ್ಕೆ ಬಂತು. ಒಳಗೆ ನಗು ಕೇಳಿಸಿತು. ಬೈಯುವವರು ಯಾಕೆ ನಗುತ್ತಾರೆ? ಅಡಿವೆಪ್ಪನಿಗೆ ಗೊತ್ತಾಗಲಿಲ್ಲ.

ದೇಸಾಯರ ಟೆಂಪೋ ಬಂತು. "ಬಾಗಲಾ ತೆಗಿಯೋ, ಪಂಗ್ತಿ ಕುಂತೈತಿ!"

"ಯಾರ ಬಂದ್ರೂ ತೆಗೀಬಾರದಂತ!"

ಒಳಗಿಂದ ಮುದುಕಿ, ಹುಡುಗಿ ಒಂದೇ ದನಿಯಲ್ಲಿ ಕೂಗಿದರು, "ತೆಗಿಯೋ ಪೆದ್ದ, ರೊಟ್ಟಿ ಆಗ್ಯಾವ!" ಇಲ್ಲ. ಕೀಲಿಕೈ ಬನಿಯನ್ನಿನೊಳಗೆ ಹೋಯಿತು.

ಸುದ್ದಿ ಮುಟ್ಟಿ ನೀಲವ್ವ ಓಡೋಡಿ ಬಂದಳು ಅನ್ನೋಣವೆಂದರೆ ಕಾಲು ಕುಂಬಳಕಾಯಿಯಷ್ಟು ಬಾತಿತ್ತು. ತರಕಾರಿಯವನ ತಳ್ಳುಗಾಡಿಯಲ್ಲಿ ಕೂತು ಬಂದಳು. "ತೆಗಿಯೋ ಮಗನ, ಬಂದೀನಲ್ಲೋ!"

ಅಡಿವೆಪ್ಪ ತಾಯಿಯನ್ನು ನೋಡಿದ, ಗಾಡಿ ನೋಡಿದ, ಕಾಲು ನೋಡಿದ. "ನಡಕೊಂತ ಬರ್ತೀನಿ ಅಂದಿದ್ದಿ ಯವ್ವಾ. ನೀ ಗಾಡ್ಯಾಗ ಬಂದಿ."

"ಹೆಜ್ಜಿ ಇಡಾಕ ಬರಂಗಿಲ್ಲೋ ನನ್ನಪ್ಪಾ! ಕೇಂದ್ರ ಹೋಗ್ತೈತೋ!"

ಟೆಂಪೋದವನು ಹಾರ್ನ್ ಹೊಡೆದು ಹೊಡೆದು, ಚಪಾತಿ ತರಲು ಪಕ್ಕದ ಊರಿಗೆ ಹೊರಟೇಬಿಟ್ಟ. ನೀಲವ್ವ ಗಾಡಿಯಲ್ಲೇ ಗೋಳೋ ಎಂದು ಅತ್ತಳು. ತಾಯಿ ಅಳುವುದು ಕಂಡು ಅಡಿವೆಪ್ಪನಿಗೂ ಅಳು ಬಂತು. ಅಳುತ್ತಲೇ ಬಾಗಿಲಿಗೆ ಅಡ್ಡ ನಿಂತು ಹೇಳಿದ:

"ಅಳಬ್ಯಾಡ ಯವ್ವಾ! ನೀನ ಬಂದು ಕೇಳಿದ್ರೂ ನಿನ್ನ ಮಾತು ಮೀರಂಗಿಲ್ಲ!"