ಒಡೆದ ಆನೆಗಳ ಸಾಲು

“ಗುರುಗಳೇ, ಯಾವ ಮಗು ಯಾವ ದಾರಿ ಹಿಡಿಯಬೇಕು ಎಂದು ತಪ್ಪಿಲ್ಲದೆ ಹೇಳುವ ಕಣ್ಣು ನನಗೆ ಬರುವುದು ಯಾವಾಗ?” ಎಂದು ನೀಲಾಂಬಿಕೆ ಕೇಳಿದಳು.

ಅವಳು ಪ್ರೌಢಶಾಲೆಯ ಅಧ್ಯಾಪಕಿ. ಹತ್ತನೆಯ ತರಗತಿಯ ನಲವತ್ತೊಂದು ಮಕ್ಕಳು ಅವಳ ಪಾಲಿಗೆ ಬಂದಿದ್ದರು. ಮುಂದೆ ಏನು ಓದಬೇಕು, ಯಾವ ಕೆಲಸ ಕಲಿಯಬೇಕು ಎಂದು ಒಬ್ಬೊಬ್ಬರಿಗೂ ಅವಳು ಬರೆದುಕೊಡಬೇಕಿತ್ತು. ಅವಳು ಏನು ಬರೆದರೂ ತಂದೆತಾಯಿಗಳು ತಲೆದೂಗಿ ಒಪ್ಪುತ್ತಿದ್ದರು. ಅವರು ಹಾಗೆ ಒಪ್ಪುವುದೇ ಅವಳಿಗೆ ಭಯ ಹುಟ್ಟಿಸಿತ್ತು. ಅದಕ್ಕೇ ಚಿಕ್ಕಂದಿನಲ್ಲಿ ತನಗೆ ಕಲಿಸಿದ ಗುರುಗಳನ್ನು ಹುಡುಕಿಕೊಂಡು ಬಂದಿದ್ದಳು.

ಗುರುಗಳು ಈ ಕತೆ ಹೇಳಿದರು.

ಒಬ್ಬ ಶಿಲ್ಪಿ ಇದ್ದ. ಅವನ ಬಳಿ ಕಲಿಯಲು ದೂರದ ಊರುಗಳಿಂದ ಮಕ್ಕಳು ಬರುತ್ತಿದ್ದರು. ನಾಲ್ಕು ವರ್ಷದ ಕಲಿಕೆ. ಎಲ್ಲರೂ ಕೆತ್ತುವುದು ಅಂಗೈಯಗಲದ ಆನೆಯನ್ನು. ನಾಲ್ಕನೆಯ ವರ್ಷದ ಕೊನೆಗೆ ಶಿಲ್ಪಿ ಒಬ್ಬೊಬ್ಬರ ಕೊನೆಯ ಆನೆಯನ್ನು ಕೈಯಲ್ಲಿ ಹಿಡಿದು ನೋಡುತ್ತಿದ್ದ. “ನೀನು ವಿಗ್ರಹಕ್ಕೆ, ನೀನು ಕಂಬಕ್ಕೆ, ನೀನು ಒರಳುಕಲ್ಲಿಗೆ” ಎಂದು ಹೇಳಿಬಿಡುತ್ತಿದ್ದ. ವಿಗ್ರಹಕ್ಕೆ ಎಂದವರು ವಿಗ್ರಹ ಕೆತ್ತಿದರು. ಒರಳುಕಲ್ಲಿಗೆ ಎಂದವರು ಒರಳುಕಲ್ಲು ಕಡಿದರು. ಅವನ ಮಾತು ಸುಳ್ಳಾದದ್ದನ್ನು ಯಾರೂ ಕಂಡಿರಲಿಲ್ಲ.

ಒಡೆದ ಕೆಲಸವನ್ನು ಅವನು ನೋಡುತ್ತಿರಲಿಲ್ಲ. ಒಡೆದರೆ ಹಿತ್ತಿಲ ಗುಂಡಿಗೆ ಎಸೆದು ಹೊಸ ಕಲ್ಲು ತೆಗೆದುಕೊಳ್ಳಬೇಕು. ಅದು ಅಲ್ಲಿಯ ಕ್ರಮ.

ಕಲಿಯುವವರಲ್ಲಿ ಒಬ್ಬ ಕುಂಬಾರನ ಮಗಳಿದ್ದಳು. ಹನ್ನೆರಡನೆಯ ವಯಸ್ಸಿಗೆ ಬಂದವಳಿಗೆ ಈಗ ಹದಿನಾರು. ವಿಗ್ರಹ ಕೆತ್ತಬೇಕೆಂಬುದೊಂದೇ ಅವಳ ಆಸೆ. ಆದರೆ ಅವಳ ಆನೆಗಳು ನಿಲ್ಲುತ್ತಿರಲಿಲ್ಲ. ಇನ್ನೇನು ಮುಗಿಯಿತು ಎನ್ನುವಾಗ ಮುರಿಯುತ್ತಿದ್ದವು. ಕೊನೆಯ ಆನೆಯ ಸೊಂಡಿಲೂ ಶಿಲ್ಪಿಯ ಕೈಯಲ್ಲಿರುವಾಗಲೇ ಕಳಚಿ ಬಿತ್ತು.

“ನಿನ್ನದು ಭಾರದ ಕೈ. ಒರಳುಕಲ್ಲು ಕಡಿ” ಎಂದ ಶಿಲ್ಪಿ.

ಆ ದಿನ ಅವಳಿಗೆ ಊಟ ಸೇರಲಿಲ್ಲ. ಮರುದಿನ ಬೆಳಿಗ್ಗೆ, ಸಣ್ಣ ಕುಟ್ಟಾಣಿಗಾದರೂ ಆಗುವ ಕಲ್ಲು ಸಿಕ್ಕೀತು ಎಂದು ಗುಂಡಿಗೆ ಇಳಿದಳು. ಮೊದಲು ಕೈಗೆ ಬಂದದ್ದು ಅವಳದೇ ಒಂದು ಆನೆ. ಅಲ್ಲಿ ಪ್ರತಿಯೊಬ್ಬರೂ ತಮ್ಮ ಕೆಲಸದ ಅಡಿಗೆ ತಮ್ಮ ಗುರುತನ್ನೂ ವರ್ಷಕ್ಕೊಂದರಂತೆ ಗೀರನ್ನೂ ಹಾಕುತ್ತಿದ್ದರು. ಆ ಆನೆಗೆ ಒಂದೇ ಗೀರಿತ್ತು. ಅವಳು ಅದನ್ನು ಬದಿಗಿಟ್ಟಳು. ಇನ್ನೊಂದು ಸಿಕ್ಕಿತು, ಅದನ್ನೂ ಇಟ್ಟಳು. ಕುಟ್ಟಾಣಿಯ ವಿಚಾರ ಮರೆತುಹೋಯಿತು. ಎರಡು ದಿನ ಗುಂಡಿ ಕೆದಕಿ ತನ್ನವೆಲ್ಲವನ್ನೂ ಹೊರಗೆ ತಂದು, ಗೀರು ನೋಡಿ ಸಾಲಾಗಿ ಜೋಡಿಸಿದಳು. ಐವತ್ತಕ್ಕೂ ಮೇಲಿದ್ದವು.

ಮೊದಲ ವರ್ಷದವನ್ನು ನೋಡಿ ಅವಳಿಗೇ ನಾಚಿಕೆಯಾಯಿತು. ಕಾಲು, ಕಿವಿ, ಹೊಟ್ಟೆ ಎಲ್ಲೆಂದರಲ್ಲಿ ಒಡೆದಿದ್ದವು. ಉಳಿ ಆಳಕ್ಕೆ ಕಚ್ಚಿತ್ತು. ಎರಡನೆಯ ವರ್ಷ ಅಂಥ ಗಾಯ ಕಡಿಮೆ. ನಾಲ್ಕನೆಯ ವರ್ಷದವುಗಳಲ್ಲಿ ಒಂದು ತಪ್ಪು ಏಟೂ ಕಾಣಲಿಲ್ಲ. ಆದರೂ ಸೊಂಡಿಲಿರಲಿಲ್ಲ. ಮುರಿದ ಜಾಗವೆಲ್ಲ ಚಾಕುವಿನಿಂದ ಕೊಯ್ದಂತೆ ಸಪಾಟಾಗಿತ್ತು.

ಅವಳು ಗೆಳತಿಯೊಬ್ಬಳ ಮುರಿಯದ ಆನೆ ತಂದು ಪಕ್ಕದಲ್ಲಿಟ್ಟಳು. ಗೆಳತಿಯ ಆನೆಯಲ್ಲಿ, ಕಲ್ಲು ಸುಲಭವಾಗಿ ಸೀಳುವ ಎಳೆ ಸೊಂಡಿಲಿನ ಉದ್ದಕ್ಕೂ ಇಳಿದಿತ್ತು. ತನ್ನವುಗಳಲ್ಲಿ ಅಡ್ಡಕ್ಕೆ ಹಾದಿತ್ತು. ಉಳಿದವರು ಕಲ್ಲನ್ನು ನೆಟ್ಟಗೆ ನಿಲ್ಲಿಸಿಕೊಂಡು ಕೆತ್ತುತ್ತಿದ್ದರು. ಇವಳು ಅಗಲದ ಬದಿಯನ್ನು ಕೆಳಗೆ ಮಾಡಿ ಕೂರಿಸುತ್ತಿದ್ದಳು. ಕುಂಬಾರರ ಮನೆಯಲ್ಲಿ ಮಣ್ಣಿನ ಮುದ್ದೆಯನ್ನು ಹಾಗೆಯೇ ಇಡುವುದು.

ಅವಳು ಶಿಲ್ಪಿಯ ಬಳಿಗೆ ಹೋದಳು.

“ಅಯ್ಯಾ, ಒಮ್ಮೆ ಹಿತ್ತಿಲಿಗೆ ಬರಬೇಕು.”

“ಅಲ್ಲೇನಿದೆ?”

“ನನ್ನ ನಾಲ್ಕು ವರ್ಷ ಇದೆ.”

ಶಿಲ್ಪಿ ಬೇಸರದಿಂದಲೇ ಎದ್ದು ಬಂದ. ಸಾಲಿನ ಉದ್ದಕ್ಕೂ ಒಮ್ಮೆ ನಡೆದ. ತಿರುಗಿ ಬಂದು ಇನ್ನೊಮ್ಮೆ ನಡೆದ. ಅಷ್ಟು ಮಕ್ಕಳಿಗೆ ಕಲಿಸಿದವನು, ಅವರಲ್ಲಿ ಯಾರನ್ನೂ ಕೇಳದಿದ್ದ ಒಂದು ಪ್ರಶ್ನೆಯನ್ನು ಅಂದು ಕೇಳಿದ.

“ನಿನಗೇನು ಕಾಣುತ್ತದೆ, ಹೇಳು.”

“ಮೊದಲು ಒಡೆದದ್ದು ನನ್ನ ಕೈಯಿಂದ. ಕೊನೆಗೆ ಒಡೆದದ್ದು ಕಲ್ಲು ಇಟ್ಟ ರೀತಿಯಿಂದ. ಈ ಸಣ್ಣ ಕಲ್ಲಿನಲ್ಲಿ ಎಳೆ ಕಣ್ಣಿಗೆ ಕಾಣುತ್ತದೆ. ಆಳೆತ್ತರದ ಬಂಡೆಯಲ್ಲಿ ಅದನ್ನು ತಿಳಿಯುವುದು ಹೇಗೆ?”

“ಅದು ನನಗೂ ಗೊತ್ತಿಲ್ಲ. ನಾನು ಅಂದಾಜಿನ ಮೇಲೆ ಉಳಿ ಇಟ್ಟವನು” ಎಂದ ಶಿಲ್ಪಿ. “ಅದಿರಲಿ, ನಿನ್ನ ಕೈ ಹಗುರಾಗಿದೆ. ನಾಳೆಯಿಂದ ವಿಗ್ರಹಕ್ಕೆ ಕೂರು.”

ಕೇಳಬೇಕೆಂದು ನಾಲ್ಕು ವರ್ಷ ಕಾದಿದ್ದ ಮಾತು ಅದು. ಅವಳು ಸಾಲನ್ನೇ ನೋಡುತ್ತಾ ನಿಂತಳು.

“ಕೂರುತ್ತೇನೆ. ಆದರೆ ಮೊದಲು ಬಂಡೆಯ ಎಳೆ ತಿಳಿಯುವುದನ್ನು ಕಲಿತು ಬರುತ್ತೇನೆ” ಎಂದಳು.

ಶಿಲ್ಪಿ ತನಗೆ ಪರಿಚಯವಿದ್ದ ಗಣಿಗೆ ಅವಳನ್ನು ಕಳಿಸಿದ. ಅಲ್ಲಿ ಅವಳು ಒಂದು ವರ್ಷ ಬುಟ್ಟಿ ಹೊತ್ತಳು. ಬಂಡೆ ಎಬ್ಬಿಸುವ ಮುದುಕಿಯೊಬ್ಬಳು, ನೆಲದೊಳಗಿರುವಾಗ ಕಲ್ಲಿಗೂ ಮೇಲು ಕೆಳಗು ಇರುತ್ತದೆ, ಎಳೆ ಓಡುವುದು ಅದಕ್ಕೆ ತಕ್ಕಂತೆ, ಎತ್ತಿ ಹಾಕಿದ ಮೇಲೆ ಅದು ಯಾರಿಗೂ ಗೊತ್ತಾಗುವುದಿಲ್ಲ ಎಂದು ತೋರಿಸಿಕೊಟ್ಟಳು. ಅಂದಿನಿಂದ ಕುಂಬಾರನ ಮಗಳು ಬಂಡೆ ಏಳುವ ಮೊದಲೇ ಅದರ ಮೇಲ್ಬದಿಗೆ ಕೆಮ್ಮಣ್ಣಿನ ಗೆರೆ ಎಳೆಯತೊಡಗಿದಳು. ಗೆರೆ ನೋಡಿ ನಿಲ್ಲಿಸಿದ ಕಲ್ಲಿನ ವಿಗ್ರಹಗಳಿಗೆ ತೋಳು ಬೆರಳು ಉಳಿದವು. ಬೇರೆ ಊರುಗಳ ಶಿಲ್ಪಿಗಳೂ ಗೆರೆ ಎಳೆದ ಕಲ್ಲನ್ನೇ ಕೇಳಿ ಪಡೆದರು. ಅವಳು ತಾನೂ ಮೂರು ನಾಲ್ಕು ವಿಗ್ರಹ ಕೆತ್ತಿದಳು. ಅವು ಹೇಳಿಕೊಳ್ಳುವಂಥವೇನೂ ಆಗಿರಲಿಲ್ಲ. ಅದು ಅವಳಿಗೆ ದುಃಖ ತರಲಿಲ್ಲ. ಮಗಳು ಶಿಲ್ಪಿಯಾಗಲಿಲ್ಲವಲ್ಲ ಎಂದು ಅವಳ ಅಪ್ಪ ಮಾತ್ರ ಕೊನೆಯವರೆಗೂ ಹೇಳಿಕೊಳ್ಳುತ್ತಿದ್ದ.

ಇತ್ತ ಶಿಲ್ಪಿ ಗುಂಡಿ ಮುಚ್ಚಿಸಿದ. ಗೋಡೆಯುದ್ದಕ್ಕೂ ಒಬ್ಬೊಬ್ಬರಿಗೆ ಒಂದೊಂದು ಹಲಗೆ ಹಾಕಿಸಿದ. ಒಡೆದದ್ದು, ಉಳಿದದ್ದು ಎರಡೂ ಅಲ್ಲಿರಬೇಕು. ವರ್ಷದ ಕೊನೆಗೆ ಮಗು ತನ್ನ ಹಲಗೆಯ ಮುಂದೆ ನಿಂತು, ಏನಾಯಿತು, ಮುಂದೆ ಏನು ಮಾಡುತ್ತೇನೆ ಎಂದು ಮೊದಲು ತಾನು ಹೇಳಬೇಕು. ಶಿಲ್ಪಿ ಮಾತಾಡುತ್ತಿದ್ದದ್ದು ಆಮೇಲೆ.

ಗುರುಗಳು ಕತೆ ನಿಲ್ಲಿಸಿದರು.

ನೀಲಾಂಬಿಕೆಗೆ ಎದೆಯ ಭಾರ ಇಳಿದಂತಾಯಿತು. “ಹಾಗಾದರೆ ಅಷ್ಟು ದೊಡ್ಡ ಶಿಲ್ಪಿಯೂ ಒಬ್ಬಳ ವಿಷಯದಲ್ಲಿ ತಪ್ಪಿದ” ಎಂದಳು.

ಗುರುಗಳು ಹೇಳಿದರು: “ಒಬ್ಬಳ ವಿಷಯದಲ್ಲಿ ತಪ್ಪಿದ್ದು ಮಾತ್ರ ಅವನಿಗೆ ಗೊತ್ತಾಯಿತು.”